ಶೆಫೀಲ್ಡ್ ಪಾರ್ಕ್, ವೇಕ್‌ಹರ್ಸ್ಟ್, ವೆಸ್ಟನ್‌ಬರ್ಟ್: ಹಿರಿಯರನ್ನು ಎಲ್ಲಿಗೆ ಕರೆದೊಯ್ಯಬೇಕು?

ದಕ್ಷಿಣ ಲಂಡನ್ನಿನಲ್ಲಿ ನೆಲೆಸಿ, ಊರಿನಿಂದ ಬಂದ ತಂದೆತಾಯಿಗೆ ಅಕ್ಟೋಬರಿನ ಎಲೆಬಣ್ಣ ತೋರಿಸಬೇಕೆನ್ನುವವರು ಮೊದಲು ಶೆಫೀಲ್ಡ್ ಪಾರ್ಕಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಬಂಗಲೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಾರ್ಷಿಕ ಸದಸ್ಯತ್ವ ಕೊಂಡ ವರ್ಷ ನಾವು ಅದಕ್ಕೇ ಸೇರಿದ ಈ ತೋಟವನ್ನೂ, ಅದೇ ಸಸೆಕ್ಸ್ ಸೀಮೆಯ ವೇಕ್‌ಹರ್ಸ್ಟನ್ನೂ, ಗ್ಲಾಸ್ಟರ್‌ಶೈರಿನ ವೆಸ್ಟನ್‌ಬರ್ಟ್ ವೃಕ್ಷೋದ್ಯಾನವನ್ನೂ ಅಪ್ಪ ಅಮ್ಮನ ಜೊತೆಯಲ್ಲೇ ಸುತ್ತಿದೆವು. ಮೂರೂ ಒಂದು ಕಾಲಕ್ಕೆ ಸಿರಿವಂತರು ತಮ್ಮ ಹಳ್ಳಿಯ ಬಂಗಲೆಗಳ ಸುತ್ತ ಬೆಳೆಸಿದ ತೋಟಗಳೇ ಆಗಿದ್ದರೂ ಮಂಡಿನೋವಿರುವವರ ಪಾಲಿಗೆ ಒಂದರಂತೆ ಒಂದಿಲ್ಲ.

ಶೆಫೀಲ್ಡ್ ಪಾರ್ಕಿನ ಜೀವಾಳ ಅದರ ಕೆರೆಗಳು. ಹದಿನೆಂಟನೆಯ ಶತಮಾನದಲ್ಲಿ ಹೆಸರಾಂತ ತೋಟವಿನ್ಯಾಸಕ ಕೇಪಬಿಲಿಟಿ ಬ್ರೌನ್, ಅವನ ನಂತರ ಹಂಫ್ರಿ ರೆಪ್ಟನ್ ಈ ನೆಲವನ್ನು ರೂಪಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಸ್ಟೇಟನ್ನು ಕೊಂಡ ಆರ್ಥರ್ ಸೋಮ್ಸ್ ಶರತ್ಕಾಲದ ಬಣ್ಣವನ್ನೇ ಗುರಿಯಾಗಿಟ್ಟುಕೊಂಡು ದಡದುದ್ದಕ್ಕೂ ಗಿಡ ನೆಡಿಸಿದ. ಅವನಿಗೆ ಅಚ್ಚುಮೆಚ್ಚಾಗಿದ್ದದ್ದು ಅಮೆರಿಕದ ಟ್ಯುಪೆಲೊ ಮರ. ಅದರ ಒಂದು ರೆಂಬೆಯನ್ನು ಹತ್ತಿರದಿಂದ ನೋಡಿದರೆ ನುಣುಪಾದ ಅಂಡಾಕಾರದ ಎಲೆಗಳಲ್ಲಿ ಒಂದು ಇನ್ನೂ ಹಸಿರಾಗಿರುತ್ತದೆ, ಪಕ್ಕದ್ದು ಕಿತ್ತಳೆಗೆ ತಿರುಗಿರುತ್ತದೆ, ತುದಿಯದ್ದು ಕುಂಕುಮದಷ್ಟು ಕೆಂಪಾಗಿರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಅಷ್ಟೂ ಬಣ್ಣ ನೀರಿನಲ್ಲಿ ಮತ್ತೊಮ್ಮೆ ಕಾಣುತ್ತದೆ. ಬಣ್ಣಕ್ಕಾಗಿ ಇಲ್ಲಿ ದೂರ ನಡೆಯಬೇಕಾಗಿಲ್ಲ. ದಾರಿಗಳು ಬಹುಮಟ್ಟಿಗೆ ಸಮತಟ್ಟಾಗಿವೆ, ಕುಳಿತುಕೊಳ್ಳಲು ಬೆಂಚುಗಳಿವೆ, ಎದುರಿನ ದಡವೇ ಒಂದು ನೋಟ. ಅಮ್ಮ ಒಂದು ಕೆರೆಯ ಸುತ್ತು ಮುಗಿಸಿ, ಸ್ವಲ್ಪ ಹೊತ್ತು ಕುಳಿತು, ತಾನಾಗಿಯೇ ಎದ್ದು ಮುಂದಿನದಕ್ಕೆ ಹೊರಟಳು. ಬಂಗಲೆ ಮಾತ್ರ ಖಾಸಗಿಯವರದ್ದಾದ್ದರಿಂದ ಹೊರಗಿನಿಂದಷ್ಟೇ ನೋಡಬಹುದು.

ಸಸ್ಯಸಂಪತ್ತಿನ ಲೆಕ್ಕದಲ್ಲಿ ವೇಕ್‌ಹರ್ಸ್ಟ್ ಇದಕ್ಕಿಂತ ದೊಡ್ಡದು ಎಂಬುದನ್ನು ಒಪ್ಪಲೇಬೇಕು. 1965ರಿಂದ ಅದನ್ನು ನೋಡಿಕೊಳ್ಳುತ್ತಿರುವುದು ಲಂಡನ್ನಿನ ಕ್ಯೂ ಸಸ್ಯೋದ್ಯಾನ. 1987ರ ಅಕ್ಟೋಬರಿನ ಬಿರುಗಾಳಿಗೆ ಇಲ್ಲಿ ಸಾವಿರಾರು ಮರಗಳು ಉರುಳಿದ ಮೇಲೆ, ಹೊಸ ಗಿಡಗಳನ್ನು ಅವುಗಳ ಮೂಲ ಪ್ರದೇಶಕ್ಕೆ ಅನುಗುಣವಾಗಿ ಗುಂಪುಗೂಡಿಸಿ ನೆಟ್ಟರು.

ನಮಗೆ ತೊಡಕಾದದ್ದು ಅಲ್ಲಿನ ಇಳಿಜಾರು. ಬಂಗಲೆಯ ಮುಂದಿನ ನೆಲ ಮಟ್ಟಸವಾಗಿರುವುದರಿಂದ ಹೊರಡುವಾಗ ಯಾವ ಅನುಮಾನವೂ ಹುಟ್ಟುವುದಿಲ್ಲ. ಅಲ್ಲಿಂದ ಹಿಮಾಲಯದ ಸಸ್ಯಗಳಿರುವ ತಗ್ಗನ್ನು ದಾಟಿ ವೆಸ್ಟ್‌ವುಡ್ ಕಣಿವೆಗೆ ಇಳಿಯುವ ದಾರಿ ತಿರುವು ತಿರುವಿಗೂ ಹೊಸದೊಂದನ್ನು ತೋರಿಸುತ್ತಾ ಕರೆದೊಯ್ಯುತ್ತದೆ. ಎಷ್ಟು ಕೆಳಗೆ ಬಂದಿದ್ದೇವೆಂಬುದು ಹಿಂತಿರುಗಿ ನೋಡಿದಾಗಲೇ ತಿಳಿಯುವುದು. ಸವೆದ ಮಂಡಿಗೆ ಏರುವುದಕ್ಕಿಂತ ಇಳಿಯುವುದು ಹೆಚ್ಚು ನೋವು ಕೊಡುತ್ತದೆ. ಜೊತೆಗೆ ಆ ಋತುವಿನಲ್ಲಿ ದಾರಿಯ ಮೇಲೆ ಒದ್ದೆ ಎಲೆಗಳ ಹಾಸು ಇರುವುದರಿಂದ ಪ್ರತಿ ಹೆಜ್ಜೆಯನ್ನೂ ಊರಿ ನೋಡಿಯೇ ಇಡಬೇಕಾಗುತ್ತದೆ. ಅಮ್ಮನ ಕಣ್ಣು ಪೂರ್ತಿ ನೆಲದ ಮೇಲೇ ಇತ್ತು. ತಲೆಯೆತ್ತಿ ನೋಡಬೇಕಾದ ಮರಗಳ ನಡುವೆ ಅವಳು ಕಂಡದ್ದು ತನ್ನ ಬೂಟುಗಳನ್ನು ಮಾತ್ರ.

ಇಳಿದ ಮೇಲೆ ಹತ್ತಲೇಬೇಕು. ನಿಂತು ನಿಂತು, ನನ್ನ ತೋಳು ಹಿಡಿದು ಅವಳು ಮೇಲೆ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಉಳಿದದ್ದನ್ನು ನೋಡುವ ಉತ್ಸಾಹ ಯಾರಲ್ಲೂ ಉಳಿದಿರಲಿಲ್ಲ. ಆದ್ದರಿಂದ ಹಿರಿಯರೊಂದಿಗೆ ಹೋಗುವವರು ಕಣಿವೆಯನ್ನು ಸಂಪೂರ್ಣ ಕೈಬಿಟ್ಟು, ಬಂಗಲೆಯ ಸುತ್ತಮುತ್ತಲಿನ ತೋಟ ಮತ್ತು ಬೀಜ ಭಂಡಾರ, ಇಷ್ಟಕ್ಕೇ ದಿನವನ್ನು ಮೀಸಲಿಡುವುದು ಒಳ್ಳೆಯದು.

ಆ ಬೀಜ ಭಂಡಾರದ ಕಾರಣಕ್ಕೆ ಅಪ್ಪನ ಮತ ಇಂದಿಗೂ ವೇಕ್‌ಹರ್ಸ್ಟಿಗೇ. 2000ನೇ ಇಸವಿಯಲ್ಲಿ ತೆರೆದ ಮಿಲೆನಿಯಮ್ ಸೀಡ್ ಬ್ಯಾಂಕಿನಲ್ಲಿ ಕಾಡುಸಸ್ಯಗಳ ಬೀಜಗಳನ್ನು ತಂಪಾದ ಕೋಣೆಯಲ್ಲಿ ನಿಧಾನವಾಗಿ ಒಣಗಿಸಿ, ನೆಲಮಾಳಿಗೆಯಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಿಡುತ್ತಾರೆ. ಪ್ರಯೋಗಾಲಯದ ಕೆಲಸವನ್ನು ಗಾಜಿನಾಚೆಯಿಂದ ನೋಡಬಹುದು. ಕೃಷಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅಪ್ಪ ಆ ಗಾಜಿನ ಮುಂದಿನಿಂದ ಕದಲಲಿಲ್ಲ. ನಮ್ಮ ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿ ಬಂದವರೇ ಎಂದು ಅವರು ನೆನಪಿಸಿದ್ದೂ ಅಲ್ಲೇ.

ಇನ್ನು ವೆಸ್ಟನ್‌ಬರ್ಟ್. ರಾಬರ್ಟ್ ಹಾಲ್‌ಫರ್ಡ್ 1829ರಲ್ಲಿ ಆರಂಭಿಸಿದ ಈ ಸಂಗ್ರಹದ ಜಪಾನಿ ಮೇಪಲ್‌ಗಳಿಗೆ ಸರಿಸಾಟಿಯಾದದ್ದನ್ನು ಉಳಿದೆರಡು ಕಡೆ ನಾನು ಕಾಣಲಿಲ್ಲ. ಮರಗಳಿಗೆ ಹೆಸರಿನ ಫಲಕಗಳಿರುವುದು ನನ್ನಂಥವರಿಗೆ ದೊಡ್ಡ ಉಪಕಾರ. 2016ರಲ್ಲಿ ತೆರೆದ, ಸುಮಾರು 300 ಮೀಟರ್ ಉದ್ದದ ಮರದೆತ್ತರದ ಕಾಲುಸೇತುವೆಗೆ ಮೆಟ್ಟಿಲು ಹತ್ತಬೇಕಾಗಿಲ್ಲವಾದ್ದರಿಂದ ಅಮ್ಮನೂ ಕೊನೆಯವರೆಗೆ ನಡೆದಳು. ಆದರೆ ಅದು ನಮ್ಮ ಮನೆಯಿಂದ ನೂರು ಮೈಲಿಗೂ ಆಚೆ ಇದೆ. ಅಲ್ಲದೆ ಅದು ಸರ್ಕಾರಿ ಅರಣ್ಯ ಸಂಸ್ಥೆಯಾದ ಫಾರೆಸ್ಟ್ರಿ ಇಂಗ್ಲೆಂಡಿಗೆ ಸೇರಿದ್ದು. ನ್ಯಾಷನಲ್ ಟ್ರಸ್ಟಿನ ಕಾರ್ಡ್ ಅಲ್ಲಿ ನಡೆಯುವುದಿಲ್ಲ.

ಬಣ್ಣದ ಹದವನ್ನು ತಿಂಗಳ ಮೊದಲೇ ಹೇಳಲಾಗದು: ಹಗಲು ಬಿಸಿಲು, ರಾತ್ರಿ ಚಳಿ ಇದ್ದರೆ ಕೆಂಪು ಗಾಢವಾಗುತ್ತದೆ, ಒಂದು ಬಿರುಗಾಳಿ ಬಂದರೆ ಎಲ್ಲವೂ ನೆಲಕ್ಕೆ. ಹೀಗಾಗಿ ಮನೆಗೆ ಹತ್ತಿರವಿದ್ದು, ಮತ್ತೆ ಮತ್ತೆ ಹೋದರೂ ಬಾಗಿಲಲ್ಲಿ ಹಣ ಕೇಳದ ತೋಟವೇ ನಮಗೆ ಒಗ್ಗುತ್ತದೆ. ವೇಕ್‌ಹರ್ಸ್ಟಿನಲ್ಲಿಯೂ ಟ್ರಸ್ಟಿನ ಸದಸ್ಯರಿಗೆ ಪ್ರವೇಶ ಉಚಿತ, ಕಾರು ನಿಲ್ಲಿಸಲು ಮಾತ್ರ ಬೇರೆ ಶುಲ್ಕವಿದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ಸಂಜೆಯ ದೀಪಕ್ಕೆ ಮನೆ ಸೇರಬೇಕೆನ್ನುವ ನಮ್ಮ ಮನೆಯವರಿಗೆ ಗ್ಲಾಸ್ಟರ್‌ಶೈರಿನ ಪ್ರಯಾಣವೆಂದರೆ ಒಂದು ರಾತ್ರಿಯ ವಸತಿಯ ಖರ್ಚೂ ಸೇರುತ್ತದೆ. ಸದಸ್ಯತ್ವವನ್ನು ನವೀಕರಿಸಿದ್ದೇವೆ, ಅಕ್ಟೋಬರಿನಲ್ಲಿ ಅಮ್ಮನಿಗಾಗಿ ಶೆಫೀಲ್ಡ್ ಪಾರ್ಕ್, ಮಳೆಯ ದಿನ ನೋಡಿ ಅಪ್ಪನಿಗಾಗಿ ಬೀಜ ಭಂಡಾರ ಎಂದು ತೀರ್ಮಾನವಾಗಿದೆ.