ಪ್ಲೇಟ್‌ಲೆಟ್ ಏರಿಸುವ ಪುಡಿಯನ್ನು ನಂಬಿ ತಂಗಿಯ ಮಾತ್ರೆ ನಿಲ್ಲಿಸಿದೆ, ನೀವು ನಿಲ್ಲಿಸಬೇಡಿ

ಮಾನ್ವಿ, ಸಿಂಧನೂರು, ದೇವದುರ್ಗದ ಕಡೆಯಿಂದ ರಕ್ತದ ವರದಿ ಹಿಡಿದು ರಾಯಚೂರಿಗೆ ಬರುವವರೆಲ್ಲ ಇದನ್ನು ದಯವಿಟ್ಟು ಓದಿ.

ನನ್ನ ತಂಗಿಗೆ ಮೂರು ವರ್ಷದಿಂದ ಲೂಪಸ್ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ. ಈ ಬೇಸಿಗೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, 28,000ಕ್ಕೆ ಇಳಿಯಿತು. ಇರಬೇಕಾದದ್ದು ಒಂದೂವರೆ ಲಕ್ಷದ ಮೇಲೆ. ವೈದ್ಯರು ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಎರಡು ತಿಂಗಳಲ್ಲಿ 84,000ಕ್ಕೆ ಬಂತು. ಆದರೆ ಮುಖ ಊದಿಕೊಂಡಿತು. ಕನ್ನಡಿ ನೋಡಿಕೊಂಡು ಅಳುತ್ತಿದ್ದಳು. ಆ ಅಳು ನೋಡಲಾಗದೆಯೇ ಪ್ಲೇಟ್‌ಲೆಟ್ ಏರಿಸುವ ಪುಡಿ ಮಾರುವವನೊಬ್ಬನ ಬಾಗಿಲಿಗೆ ಹೋದೆ.

ಪಪ್ಪಾಯ ಎಲೆಯ ಪುಡಿ, 21 ದಿನಕ್ಕೆ 6,500 ರೂಪಾಯಿ. ‘ಬಿಳಿ ರಕ್ತಕಣ ಏರುತ್ತದೆ’ ಎಂದ. ಪ್ಲೇಟ್‌ಲೆಟ್‌ಗೂ ಬಿಳಿ ರಕ್ತಕಣಕ್ಕೂ ವ್ಯತ್ಯಾಸ ಗೊತ್ತಿಲ್ಲದವನು! ಆಗಲೇ ಎದ್ದು ಬರಬೇಕಿತ್ತು. ‘ಸ್ಟೀರಾಯ್ಡ್ ವಿಷ ತಮ್ಮಾ, ಅದು ಹೊಟ್ಟೆಯಲ್ಲಿರುವ ತನಕ ನನ್ನ ಔಷಧ ಹಿಡಿಯುವುದಿಲ್ಲ. ಇವತ್ತೇ ಬಿಡಿಸು’ ಎಂದ. ಐದೇ ದಿನದಲ್ಲಿ 20,000ದಿಂದ ಒಂದೂವರೆ ಲಕ್ಷಕ್ಕೆ ಏರಿದ ವರದಿಗಳ ಫೋಟೊಗಳನ್ನು ನನ್ನ ಮೊಬೈಲ್‌ಗೆ ಕಳುಹಿಸಿದ. ನಂಬಿದೆ. ಓದಿದವನು ನಾನು, ನಂಬಿದೆ.

ಎಂಟನೆಯ ದಿನ ತಂಗಿಯ ಮೊಣಕಾಲ ಕೆಳಗೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು. ಫೋನ್ ಮಾಡಿದರೆ, ‘ಮಾತ್ರೆಯ ಕಾವು ಹೊರಗೆ ಬೀಳುತ್ತಿದೆ, ಒಳ್ಳೆಯ ಲಕ್ಷಣ’ ಎಂದ. ಅದನ್ನೂ ನಂಬಿದೆ! ಹತ್ತನೆಯ ದಿನ ಊಟಕ್ಕೆ ಕೂತವಳು ಖಡಕ್ ರೊಟ್ಟಿ ಕಚ್ಚಿದಳು. ಕಚ್ಚಿದ ಅಂಚಿನಲ್ಲಿ ರಕ್ತ. ಒಸಡಿನಿಂದ ನಿಲ್ಲದೆ ಸೋರುತ್ತಿತ್ತು. ಅವ್ವ ತಟ್ಟೆ ಎತ್ತಿಕೊಂಡು ಹಾಗೆಯೇ ನಿಂತುಬಿಟ್ಟಳು.

ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ 7,000.

ಲೂಪಸ್‌ನಲ್ಲಿ ರೋಗನಿರೋಧಕ ಶಕ್ತಿಯೇ ತಯಾರಿಸುವ ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡು, ಹೊಟ್ಟೆಯ ಎಡಬದಿಯಲ್ಲಿರುವ ಗುಲ್ಮ (ಸ್ಪ್ಲೀನ್) ಅವುಗಳನ್ನು ನಾಶಮಾಡುತ್ತದೆ, ಆ ದಾಳಿಯನ್ನು ತಡೆದಿದ್ದೇ ಸ್ಟೀರಾಯ್ಡ್ ಎಂದು ವೈದ್ಯೆ ಹೇಳಿದರು. ವಾರಗಟ್ಟಲೆ ತೆಗೆದುಕೊಂಡದ್ದನ್ನು ಒಮ್ಮೆಲೇ ಬಿಟ್ಟರೆ ದೇಹ ತನ್ನದೇ ಹಾರ್ಮೋನನ್ನು ಸಾಕಷ್ಟು ತಯಾರಿಸಲಾಗದೆ ಕುಸಿಯಬಹುದಂತೆ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಆ ರಾತ್ರಿ ವಾರ್ಡಿನ ಹೊರಗೆ ಕೂತು ಅವನು ಕಳುಹಿಸಿದ ಫೋಟೊಗಳನ್ನು ಮತ್ತೆ ತೆರೆದೆ. ಎಲ್ಲದರ ಮೇಲ್ಭಾಗ ಕತ್ತರಿಸಿದ್ದ. ಒಂದರ ತಳದಲ್ಲಿ ಮಾತ್ರ ಒಂದು ಸಾಲು ಉಳಿದುಹೋಗಿತ್ತು: ‘ಡೆಂಗಿ ಎನ್‌ಎಸ್‌1 ಪಾಸಿಟಿವ್’. ಡೆಂಗಿಯಲ್ಲಿ ಜ್ವರ ಇಳಿದು ಚೇತರಿಸಿಕೊಳ್ಳುವಾಗ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಅದನ್ನು ತೋರಿಸಿ ಲೂಪಸ್ ಇರುವ ಹುಡುಗಿಗೆ ಪುಡಿ ಮಾರಿದ್ದ!

ಮರುದಿನ ಕೇಳಿದರೆ, ‘ಮಾತ್ರೆ ಬಿಡಿ ಎಂದು ಬರೆದು ಕೊಟ್ಟಿದ್ದೇನೆಯೇ?’ ಎಂದ. ದುಡ್ಡು ಕೇಳಿದರೆ, ‘ಪಥ್ಯ ಮಾಡಿಲ್ಲ, ಬದನೆಕಾಯಿ ತಿಂದಿರಬೇಕು’ ಎಂದ. ನನ್ನ ತಂಗಿ ಸಾಯುವ ಹಂತಕ್ಕೆ ಹೋಗಿದ್ದಾಳೆ, ಇವನಿಗೆ ಬದನೆಕಾಯಿ!

ಪ್ಲೇಟ್‌ಲೆಟ್ ಏಕೆ ಇಳಿಯಿತು ಎಂದು ಕೇಳದವನ ಕೈಯಿಂದ ಏನನ್ನೂ ಕೊಳ್ಳಬೇಡಿ. ಮಾತ್ರೆ ತಗ್ಗಿಸಬೇಕೆನಿಸಿದರೆ ಕೊಟ್ಟ ವೈದ್ಯರನ್ನೇ ಕೇಳಿ. ಕೆಂಪು ಚುಕ್ಕೆ ಕಂಡರೆ ಫೋನ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ನಿನ್ನೆಯ ವರದಿಯಲ್ಲಿ 52,000 ಇದೆ. ಮುಖ ಮತ್ತೆ ಊದಿದೆ. ಕನ್ನಡಿಯನ್ನು ನಾನೇ ತೆಗೆದಿಡಲು ಹೋದೆ. ‘ಇರಲಿ ಬಿಡಣ್ಣಾ’ ಎಂದಳು.