ಹೆಚ್‌ಸ್ಪೆಕ್‌ನ ಶುಡ್‌ಥ್ರೋ: ಮಂಡಿ ಲೆಕ್ಕದ ಕೋಡಿಗೆ ಒಗ್ಗುತ್ತದೆಯೇ?

ದಾವಣಗೆರೆಯ ದಲಾಲಿ ಅಂಗಡಿಗಳಿಗೆ ಮೆಕ್ಕೆಜೋಳದ ಲೆಕ್ಕದ ಕೋಡನ್ನು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರು, ಕೋಡಿಗೆ ಟೆಸ್ಟ್ ಬರೆಯಲು ನೆರವಾಗುವ ಹೆಚ್‌ಸ್ಪೆಕ್ ಲೈಬ್ರರಿಯನ್ನು ಧೈರ್ಯವಾಗಿ ಬಳಸಬಹುದು. ಉಚಿತ, ಟೆಸ್ಟುಗಳು ಓದಲೂ ಸಲೀಸು. ತಪ್ಪು ಇನ್‌ಪುಟ್‌ಗೆ ಫಂಕ್ಷನ್ ಸರಿಯಾದ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯಿತೇ ಎಂದು ನೋಡುವ ‘ಶುಡ್‌ಥ್ರೋ’ ಮಾತ್ರ ಸ್ವಲ್ಪ ಎಚ್ಚರ ಬೇಡುತ್ತದೆ.

ಒಟ್ಟು ಮೊತ್ತವನ್ನು ಕ್ವಿಂಟಲ್‌ನಿಂದ ಭಾಗಿಸಿ ಸರಾಸರಿ ದರ ಕೊಡುವ ಫಂಕ್ಷನ್ ಇದೆ ಎನ್ನಿ. ತೂಕ 0 ಆದರೆ ಸೊನ್ನೆಯಿಂದ ಭಾಗಿಸಿದ ದೋಷ ಹೇಳುವ ‘ಡಿವೈಡ್‌ಬೈಝೀರೋ’ ಎಕ್ಸೆಪ್ಷನ್ ಬರಬೇಕು. ಆದರೆ ಹ್ಯಾಸ್ಕೆಲ್ ಲೇಜಿ ಭಾಷೆ, ಉತ್ತರ ಬೇಕಾಗುವ ತನಕ ಲೆಕ್ಕಕ್ಕೇ ಇಳಿಯುವುದಿಲ್ಲ. ಫಲಿತಾಂಶವನ್ನು ಬರೀ ‘ರಿಟರ್ನ್’ನಲ್ಲಿ ಸುತ್ತಿ ಕೊಟ್ಟರೆ ಭಾಗಾಕಾರವೇ ನಡೆಯದೆ ಟೆಸ್ಟ್ ಬೀಳುತ್ತದೆ. ಲೆಕ್ಕವನ್ನು ಆಗಲೇ ಮಾಡಿಸುವ ‘ಇವ್ಯಾಲ್ಯುಯೇಟ್’ ಹಾಕಿದರೆ ಸರಿಹೋಗುತ್ತದೆ, ಅದೂ ಇಂಟ್ (ಪೂರ್ಣಾಂಕ) ಮೇಲೆ ‘ಡಿವ್’ ಭಾಗಾಕಾರ ಬಳಸಿದ್ದರೆ. ಡಬಲ್ (ದಶಮಾಂಶ ಸಂಖ್ಯೆ) ಇಟ್ಟುಕೊಂಡು ಓರೆಗೆರೆಯಿಂದ ಭಾಗಿಸಿದರೆ ಎಕ್ಸೆಪ್ಷನ್ ಬರುವುದಿಲ್ಲ, ರಸೀದಿಯಲ್ಲಿ ‘ಇನ್‌ಫಿನಿಟಿ’ ಬಂದು ಕೂರುತ್ತದೆ! ಅಲ್ಲಿ ದೋಷ ಫಂಕ್ಷನ್ನಿನದು. 0 ತೂಕವನ್ನು ಒಳಗೇ ತಡೆಯಬೇಕು.

ಹೆಚ್ಚು ಜನ ಎಡವುವುದು ಪಟ್ಟಿಗಳಲ್ಲಿ. 5 ಲಾಟಿನ ದರಪಟ್ಟಿಯಲ್ಲಿ 3ನೆಯದರ ತೂಕ 0 ಇದ್ದರೂ ಇವ್ಯಾಲ್ಯುಯೇಟ್‌ಗೆ ಅದು ಕಾಣುವುದಿಲ್ಲ: ಪಟ್ಟಿ ಖಾಲಿಯೋ ಅಲ್ಲವೋ ಎಂದಷ್ಟೇ ನೋಡಿ ನಿಲ್ಲುತ್ತದೆ. ಉದ್ದ ಎಣಿಸಿದರೂ ಒಳಗಿನ ದರಗಳು ಲೆಕ್ಕವಾಗದೆ ಹಾಗೇ ಉಳಿಯುತ್ತವೆ. ಒಳಗಿನದನ್ನೆಲ್ಲ ಪೂರ್ತಿ ಲೆಕ್ಕ ಮಾಡಿಸುವ, ಡೀಪ್‌ಸೀಕ್ ಪ್ಯಾಕೇಜಿನ ‘ಫೋರ್ಸ್’ ಹಚ್ಚಿ, ಅದನ್ನು ಇವ್ಯಾಲ್ಯುಯೇಟ್‌ಗೆ ಕೊಡಿ. ನಿಮ್ಮದೇ ಡೇಟಾ ಟೈಪ್ ಇದ್ದರೆ ಅದನ್ನು ಪೂರ್ತಿ ಲೆಕ್ಕ ಮಾಡುವುದು ಹೇಗೆಂದು ಫೋರ್ಸ್‌ಗೆ ತಿಳಿಸುವ ‘ಎನ್‌ಎಫ್‌ಡೇಟಾ’ ಇನ್‌ಸ್ಟೆನ್ಸ್ ಬೇಕು. ಜೆನೆರಿಕ್ ಡಿರೈವ್ ಮಾಡಿಕೊಂಡರೆ ಅದಕ್ಕೆ ಒಂದೇ ಸಾಲು ಸಾಕು.

ಯಾವ ಎಕ್ಸೆಪ್ಷನ್ ಬರಬೇಕೆಂದು ಶುಡ್‌ಥ್ರೋಗೆ ಹೇಳುವುದು ಸೆಲೆಕ್ಟರ್. ಯಾವುದು ಬಂದರೂ ಒಪ್ಪುವ ‘ಎನಿಎಕ್ಸೆಪ್ಷನ್’ ಸೆಲೆಕ್ಟರ್ ದಯವಿಟ್ಟು ಬೇಡ. ಟೆಸ್ಟ್ ಡೇಟಾದಲ್ಲಿ ತುಂಬಲು ಮರೆತುಹೋದ ಒಂದು ‘ಅನ್‌ಡಿಫೈನ್ಡ್’ ಸಿಡಿದರೂ ಟೆಸ್ಟ್ ಪಾಸ್ ಎಂದು ಹಸಿರು ತೋರಿಸುತ್ತದೆ. ದೋಷದ ಸಂದೇಶವನ್ನು ಹೋಲಿಸುವ ‘ಎರರ್‌ಕಾಲ್’ನಲ್ಲಿ ಸಂದೇಶ ಅಕ್ಷರಶಃ ಹೊಂದಬೇಕು, ಪದವೊಂದನ್ನು ತಿದ್ದಿದರೂ ಟೆಸ್ಟ್ ಮುರಿಯುತ್ತದೆ. ಲಾಟ್ ನಂಬರ್ ಹೊತ್ತ ಸ್ವಂತ ಎಕ್ಸೆಪ್ಷನ್ ಟೈಪ್ ಮಾಡಿ, ಆ ನಂಬರನ್ನೇ ಪರೀಕ್ಷಿಸುವುದು ಗಟ್ಟಿ ದಾರಿ. ಸೆಲೆಕ್ಟರ್ ಎಂದರೆ ಬೂಲ್ (ಹೌದು ಅಥವಾ ಇಲ್ಲ) ಕೊಡುವ ಸಾದಾ ಫಂಕ್ಷನ್ ಅಷ್ಟೇ. ಎಕ್ಸೆಪ್ಷನ್ನಿನ ಟೈಪ್ ಸರಿಯಿದ್ದು ಒಳಗಿನ ಮಾಹಿತಿ ತಪ್ಪಿದ್ದರೆ, ಬಂದದ್ದೇನು ಎಂದು ಹೆಚ್‌ಸ್ಪೆಕ್ ತೋರಿಸುತ್ತದೆ. ಈ ಲೈಬ್ರರಿಯಲ್ಲಿ ನಮಗೆ ಅತಿ ಮೆಚ್ಚುಗೆಯಾದ ಗುಣ ಇದೇ.

ಬರೀ ಲೆಕ್ಕ ಮಾಡುವ ಶುದ್ಧ ಫಂಕ್ಷನ್ನುಗಳು ಆದಷ್ಟೂ ‘ಈದರ್’ (ಉತ್ತರ ಇಲ್ಲವೇ ದೋಷ, ಎರಡರಲ್ಲೊಂದು) ಕೊಡಲಿ. ಎರಡು ಬೆಲೆ ಸಮವೇ ಎಂದು ನೋಡುವ ‘ಶುಡ್‌ಬಿ’ಯಿಂದ, ದೋಷ ಹೊತ್ತ ‘ಲೆಫ್ಟ್’ ಹೋಲಿಸಿದರೆ ಮುಗಿಯಿತು, ಇಷ್ಟೆಲ್ಲ ಸರ್ಕಸ್ ಬೇಡ. ಶುಡ್‌ಥ್ರೋ ನಿಜವಾಗಿ ಹೊಂದುವುದು ಫೈಲ್ ಓದುವಂಥ ಐಓ (ಇನ್‌ಪುಟ್-ಔಟ್‌ಪುಟ್) ಕೆಲಸಗಳಿಗೆ. ದರದ ಫೈಲ್ ಇಲ್ಲದಾಗ ‘ರೀಡ್‌ಫೈಲ್’ ತೆರೆಯುವಾಗಲೇ ಎಕ್ಸೆಪ್ಷನ್ ಎಸೆಯುತ್ತದೆ, ಇವ್ಯಾಲ್ಯುಯೇಟ್ ಬೇಕಿಲ್ಲ. ಫೈಲ್ ಇಲ್ಲವೆಂಬ ದೋಷವೇ ಎಂದು ನೋಡುವ ‘ಈಸ್‌ಡಸ್‌ನಾಟ್‌ಎಗ್ಸಿಸ್ಟ್‌ಎರರ್’ ಅನ್ನು ನೇರ ಸೆಲೆಕ್ಟರ್ ಆಗಿಯೇ ಕೊಡಬಹುದು.