ಜಲಸಂಧಿಯ ಎರಡು ದಡಗಳ ಖರ್ಚು: ಸಿಂಗಾಪುರ–ಜೋಹೋರ್ ಬಹ್ರು ಹೋಲಿಕೆಗೆ ನಂಬಿಯೋ ಎಷ್ಟು ನೆರವಾಗುತ್ತದೆ?

ಸಿಂಗಾಪುರದಲ್ಲಿ ಕೆಲಸ ಸಿಕ್ಕಿ ಮನೆ ಹುಡುಕಲು ತೊಡಗುವ ಕನ್ನಡಿಗರಲ್ಲಿ ಅನೇಕರು ಅಲ್ಲಿನ ಬಾಡಿಗೆಯನ್ನು ಕಂಡ ಮೇಲೆ ಕೇಳುವ ಪ್ರಶ್ನೆ ಒಂದೇ: ಜಲಸಂಧಿಯ ಆಚೆ, ಮಲೇಷ್ಯಾದ ಜೋಹೋರ್ ಬಹ್ರುವಿನಲ್ಲಿ ಮನೆ ಮಾಡಿ ದಿನವೂ ಓಡಾಡಿದರೆ ಆಗದೇ? ಉತ್ತರಕ್ಕಾಗಿ ಅವರು ಸಾಮಾನ್ಯವಾಗಿ ತೆರೆಯುವುದು ನಂಬಿಯೋ ಎಂಬ ಬೆಲೆ ಹೋಲಿಕೆಯ ಸೇವೆಯನ್ನು. ಅದು ಉಪಯುಕ್ತವಾದ ಸೇವೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಅಳೆಯುವುದು ಊರುಗಳನ್ನು. ಗಡಿಯ ಊರಿನಲ್ಲಿ ಬೆಲೆಯನ್ನು ನಿರ್ಧರಿಸುವುದು ಊರಿಗಿಂತ ಹೆಚ್ಚಾಗಿ ಕೊಳ್ಳುವವನ ಪಾಸ್‌ಪೋರ್ಟ್, ಅವನ ವಾಹನದ ನಂಬರ್ ಪ್ಲೇಟ್ ಮತ್ತು ಅವನ ಸಂಬಳ ಬರುವ ನಾಣ್ಯ.

ಮ್ಲಾಡೆನ್ ಆಡಮೊವಿಚ್ ಅವರು 2009ರಲ್ಲಿ ಆರಂಭಿಸಿದ ಈ ತಾಣಕ್ಕೆ ಬೆಲೆಗಳನ್ನು ಒದಗಿಸುವವರಲ್ಲಿ ಬಹುಪಾಲು ಅದನ್ನು ಬಳಸುವ ಜನರೇ. ಎರಡು ಊರುಗಳ ಹೆಸರು ಕೊಟ್ಟರೆ ಹಾಲು, ಅಕ್ಕಿ, ಮೊಟ್ಟೆ, ಬಸ್ ಪಾಸ್, ಶಿಶುವಿಹಾರದ ಶುಲ್ಕ, ಊರಿನ ನಡುವಿನ ಹಾಗೂ ಹೊರವಲಯದ ಮನೆ ಬಾಡಿಗೆ ಇವೆಲ್ಲ ಸಾಲುಸಾಲಾಗಿ ಕಾಣುತ್ತವೆ. ನ್ಯೂಯಾರ್ಕ್ ನಗರವನ್ನು 100 ಎಂದಿಟ್ಟುಕೊಂಡು ಲೆಕ್ಕ ಹಾಕಿದ ಸೂಚ್ಯಂಕಗಳೂ ಇವೆ. ಬಾಡಿಗೆಯನ್ನು ಉಳಿದ ಖರ್ಚಿನಿಂದ ಬೇರ್ಪಡಿಸಿ ತೋರಿಸುವುದು ಇದರ ದೊಡ್ಡ ಗುಣ, ಏಕೆಂದರೆ ಈ ಎರಡು ಊರುಗಳ ನಡುವಿನ ಅಂತರ ಅತಿ ಹೆಚ್ಚಾಗಿರುವುದು ಬಾಡಿಗೆಯಲ್ಲಿಯೇ. ಒಂದು ಊರಿನ ಪುಟವನ್ನು ಮಾತ್ರ ತೆರೆದರೆ ಸರಾಸರಿಯ ಪಕ್ಕದಲ್ಲಿ ಕನಿಷ್ಠ ಮತ್ತು ಗರಿಷ್ಠ ಬೆಲೆಗಳೂ ಸಿಗುತ್ತವೆ. ಸರಾಸರಿಗಿಂತ ಇವುಗಳನ್ನೇ ಗಮನಿಸಬೇಕೆಂದು ನಾನು ಹೇಳುತ್ತೇನೆ. ಸಿಂಗಾಪುರದ ಹಾಕರ್ ಸೆಂಟರ್ ಎಂಬ ಅಗ್ಗದ ಊಟದ ಮಳಿಗೆಗಳ ಸಮುಚ್ಚಯದಲ್ಲಿ ಇಂದಿಗೂ ನಾಲ್ಕರಿಂದ ಆರು ಸಿಂಗಾಪುರ ಡಾಲರಿಗೆ ಹೊಟ್ಟೆ ತುಂಬ ಊಟ ಸಿಗುತ್ತದೆ. ಅದೇ ರಸ್ತೆಯ ಮಾಲ್‌ನಲ್ಲಿ ಅದರ ಮೂರು ಪಟ್ಟು ತೆರಬೇಕಾಗಬಹುದು. ಎರಡನ್ನೂ ಕೂಡಿಸಿದ ಸರಾಸರಿ ಯಾರ ತಟ್ಟೆಯ ಬೆಲೆಯೂ ಅಲ್ಲ. ಅಕ್ಕಿಯ ಸಾಲಿನದೂ ಇದೇ ಕಥೆ: ಮಲೇಷ್ಯಾದ ಸ್ಥಳೀಯ ಬಿಳಿ ಅಕ್ಕಿಗೆ ಸರ್ಕಾರವೇ ಬೆಲೆ ಕಟ್ಟಿರುತ್ತದೆ, ಆದರೆ ನಮ್ಮವರು ಹುಡುಕಿಕೊಂಡು ಹೋಗುವ ಸೋನಾ ಮಸೂರಿಗೆ ಆ ರಕ್ಷಣೆ ಇಲ್ಲ.

ಪೆಟ್ರೋಲಿನ ಸಾಲನ್ನು ನೋಡಿದರೆ ಈ ಸೇವೆಯ ಮಿತಿ ಸ್ಪಷ್ಟವಾಗುತ್ತದೆ. ಹೋಲಿಕೆಯ ಪುಟದಲ್ಲಿ ಒಂದು ಊರಿಗೆ ಒಂದೇ ಬೆಲೆ ಇದೆ, ಆದರೆ ಜೋಹೋರ್ ಬಹ್ರುವಿನ ಬಂಕ್‌ನಲ್ಲಿ ಒಂದೇ ಬೆಲೆ ಇಲ್ಲ. 2025ರ ಸೆಪ್ಟೆಂಬರ್ ಕೊನೆಯಿಂದ ರಾನ್95 ಎಂಬ ದರ್ಜೆಯ ಪೆಟ್ರೋಲು ಲೀಟರಿಗೆ 1.99 ರಿಂಗಿಟ್‌ನಂತೆ (ರಿಂಗಿಟ್ ಮಲೇಷ್ಯಾದ ನಾಣ್ಯ) ಸಿಗುವುದು ಮಲೇಷ್ಯಾದ ಪ್ರಜೆಗಳಿಗೆ, ಅದೂ ನಿಗದಿತ ಮಿತಿಯೊಳಗೆ. ಅಲ್ಲಿ ನೆಲೆಸಿದ ವಿದೇಶೀಯರು ಸಬ್ಸಿಡಿ ಇಲ್ಲದ ಬೆಲೆ ತೆರಬೇಕು. ಸಿಂಗಾಪುರದಲ್ಲಿ ನೋಂದಾಯಿತವಾದ ಕಾರಿಗಂತೂ 2010ರಿಂದ ರಾನ್95 ಹಾಕಿಸುವಂತೆಯೇ ಇಲ್ಲ. ದುಬಾರಿಯಾದ ರಾನ್97 ತುಂಬಿಸಬೇಕು. ಇದರ ಮೇಲೆ ಸಿಂಗಾಪುರದ್ದೇ ಒಂದು ನಿಯಮವಿದೆ: ಅಲ್ಲಿನ ಕಾರು ಗಡಿ ದಾಟಿ ಹೊರಹೋಗುವಾಗ ಟ್ಯಾಂಕಿನಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೆಟ್ರೋಲು ಇರಲೇಬೇಕು. ಹೀಗಾಗಿ ಹೋಲಿಕೆಯ ಪುಟದಲ್ಲಿ ಕಾಣುವ ಉಳಿತಾಯದ ದೊಡ್ಡ ಭಾಗ ಗಡಿಯಲ್ಲಿಯೇ ಕರಗಿಹೋಗುತ್ತದೆ. ವಾಹನ ಪ್ರವೇಶದ ಪರವಾನಗಿ, ಪ್ರತಿ ಪ್ರವೇಶಕ್ಕೆ 20 ರಿಂಗಿಟ್ ರಸ್ತೆ ಶುಲ್ಕ ಮತ್ತು ಟೋಲ್‌ಗಳಿಗೆ ಈ ಪಟ್ಟಿಯಲ್ಲಿ ಸಾಲೇ ಇಲ್ಲ.

ಬಾಡಿಗೆಯ ವಿಷಯ ಇನ್ನೂ ಗಂಭೀರವಾದದ್ದು. ಜೋಹೋರ್ ಬಹ್ರುವಿನ ಕೋಂಡೊ (ಅಪಾರ್ಟ್‌ಮೆಂಟ್ ಮನೆ) ಒಂದರ ಬಾಡಿಗೆಯನ್ನು ಡಾಲರಿಗೆ ಪರಿವರ್ತಿಸಿ ನೋಡಿದಾಗ ಸಿಂಗಾಪುರದಲ್ಲಿ ಒಂದು ಕೋಣೆಗೆ ಕೊಡುವ ಹಣಕ್ಕೆ ಇಡೀ ಮನೆ ಸಿಗುವಂತೆ ತೋರುತ್ತದೆ, ಮತ್ತು ಆ ಲೆಕ್ಕ ಸುಳ್ಳೇನಲ್ಲ. ಸಿಂಗಾಪುರದಲ್ಲಿ ದುಡಿಯುವ ಮಲೇಷ್ಯಾದವರು ದೊಡ್ಡ ಸಂಖ್ಯೆಯಲ್ಲಿ ಹೀಗೆಯೇ ಬದುಕುತ್ತಿದ್ದಾರೆ. ನಸುಕಿಗೂ ಮುನ್ನ ಎದ್ದು, ಎರಡು ದಡಗಳನ್ನು ಜೋಡಿಸುವ ಕಾಸ್‌ವೇ ಎಂಬ ರಸ್ತೆ ದಾಟಿ, ರಾತ್ರಿ ಮರಳುತ್ತಾರೆ. ಆದರೆ ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಆ ದಾರಿ ಅಷ್ಟು ಸುಲಭವಾಗಿ ತೆರೆದಿಲ್ಲ. 2023ರ ಡಿಸೆಂಬರ್‌ನಲ್ಲಿ ಮಲೇಷ್ಯಾ ಆರಂಭಿಸಿದ 30 ದಿನಗಳವರೆಗಿನ ವೀಸಾರಹಿತ ಪ್ರವೇಶ ಪ್ರವಾಸಿಗಳಿಗಾಗಿ ಇರುವಂಥದ್ದು. ಮನೆ ಹಿಡಿದು ನೆಲೆಸಲು ದೀರ್ಘಾವಧಿಯ ಪಾಸ್ ಬೇಕು. ಸಿಂಗಾಪುರದ ಉದ್ಯೋಗ ಪಾಸ್ ಮಲೇಷ್ಯಾದಲ್ಲಿ ವಾಸಿಸುವ ಹಕ್ಕನ್ನು ಕೊಡುವುದಿಲ್ಲ. ತಾಣದಲ್ಲಿ ಎರಡು ಬಾಡಿಗೆಗಳನ್ನು ಅಕ್ಕಪಕ್ಕದಲ್ಲಿ ಕಂಡ ಹೊಸಬರಿಗೆ ಎರಡೂ ತಮಗೆ ಲಭ್ಯವಿರುವ ಆಯ್ಕೆಗಳೆಂದೇ ಅನ್ನಿಸುವುದು ಸಹಜ. ಇಷ್ಟು ಮುಖ್ಯವಾದ ಎಚ್ಚರಿಕೆ ಹೋಲಿಕೆಯ ಪುಟದಲ್ಲಿ ಒಂದು ವಾಕ್ಯದಷ್ಟಾದರೂ ಇರಬೇಕಾಗಿತ್ತು.

ಸ್ಥಳೀಯ ಕೊಳ್ಳುವ ಶಕ್ತಿಯ ಸೂಚ್ಯಂಕವನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಅದು ಆಯಾ ಊರಿನ ಸಂಬಳವನ್ನು ಆಯಾ ಊರಿನ ಬೆಲೆಯೊಡನೆ ತೂಗುತ್ತದೆ. ಡಾಲರಿನಲ್ಲಿ ಗಳಿಸಿ ರಿಂಗಿಟ್‌ನಲ್ಲಿ ವೆಚ್ಚ ಮಾಡುವವನಿಗೆ ಆ ಎರಡು ಅಂಕಿಗಳಲ್ಲಿ ಒಂದೂ ಹೊಂದುವುದಿಲ್ಲ. ಜೋಹೋರ್ ಬಹ್ರುವಿನಲ್ಲಿಯೇ ದುಡಿಯುವ ಅಂಗಡಿಯ ನೌಕರನಿಗೆ ಅದೇ ಊರು ಅಗ್ಗವೇನೂ ಅಲ್ಲ. 1973ರವರೆಗೆ ಈ ಎರಡು ದೇಶಗಳ ನಾಣ್ಯಗಳು ಸಮಬೆಲೆಗೆ ಒಂದಕ್ಕೊಂದು ಬದಲಾಗುತ್ತಿದ್ದವು. ಇಂದು ಸಿಂಗಾಪುರದ ಒಂದು ಡಾಲರಿಗೆ ಮೂರು ರಿಂಗಿಟ್‌ಗಿಂತ ಹೆಚ್ಚು ಸಿಗುತ್ತದೆ. ಶನಿವಾರ ಭಾನುವಾರಗಳಲ್ಲಿ ದಿನಸಿ ಕೊಳ್ಳಲು ಆಚೆ ದಡಕ್ಕೆ ಹೋಗುವ ಜನಸಂದಣಿಯ ಹಿಂದಿರುವುದು ಬಹುಮಟ್ಟಿಗೆ ಈ ವಿನಿಮಯ ದರವೇ. ಅಂಥವರು ಇನ್ನೊಂದು ಅಂಶವನ್ನು ನೆನಪಿಡಬೇಕು: 48 ಗಂಟೆಗಳಿಗಿಂತ ಕಡಿಮೆ ಅವಧಿ ಹೊರಗಿದ್ದು ಮರಳುವ ಸಿಂಗಾಪುರದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳಿಗೆ 100 ಡಾಲರ್ ಮೌಲ್ಯದ ಸಾಮಾನಿನವರೆಗೆ ಮಾತ್ರ ಜಿಎಸ್‌ಟಿ ವಿನಾಯಿತಿ ಇದೆ, ಉದ್ಯೋಗ ಪಾಸ್ ಹೊಂದಿದವರಿಗೆ ಅದೂ ಇಲ್ಲ, ಮತ್ತು 2024ರಿಂದ ಅಲ್ಲಿನ ಜಿಎಸ್‌ಟಿ ಶೇ. 9.

ಹಾಗಾದರೆ ಯಾರು ಇದನ್ನು ಬಳಸಬೇಕು? ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೊರಟಿರುವ ಕುಟುಂಬವೊಂದು ಸಂಬಳದ ಮಾತುಕತೆಗೆ ಮುನ್ನ ಬಾಡಿಗೆ, ಶಿಶುವಿಹಾರ, ಬಸ್ಸು ಮತ್ತು ದಿನಸಿಯ ಸಾಲುಗಳನ್ನು ನೋಡಿ ಅಂದಾಜು ಮಾಡಿಕೊಳ್ಳಲು ಇದು ಸಾಕು. ಪುಕ್ಕಟೆಯಾಗಿ ಸಿಗುವ ಇದಕ್ಕಿಂತ ವಿಸ್ತಾರವಾದ ಪಟ್ಟಿ ನನಗೆ ತಿಳಿದ ಮಟ್ಟಿಗೆ ಇನ್ನೊಂದಿಲ್ಲ. ಕಾರಿನ ಸಾಲನ್ನು ಮಾತ್ರ ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು: ಸಿಂಗಾಪುರದಲ್ಲಿ ಕಾರಿನ ಬೆಲೆಯ ದೊಡ್ಡ ಪಾಲು ಸಿಒಇ ಎಂಬ ಹತ್ತು ವರ್ಷದ ಹಕ್ಕುಪತ್ರದ್ದು, ಮತ್ತು ಅದು ಹರಾಜಿನಲ್ಲಿ ಏರಿಳಿಯುತ್ತಿರುತ್ತದೆ.

ಪ್ರತಿ ಊರಿನ ಪುಟದಲ್ಲಿ ಎಷ್ಟು ಜನ ಬೆಲೆ ದಾಖಲಿಸಿದ್ದಾರೆ, ಕೊನೆಯದಾಗಿ ಯಾವಾಗ ದಾಖಲಾಯಿತು ಎಂಬ ವಿವರವಿರುತ್ತದೆ. ಅದನ್ನು ಓದದೆ ಜೋಹೋರ್ ಬಹ್ರುವಿನ ಅಂಕಿಗಳನ್ನು ಬಳಸಬೇಡಿ. ಸಿಂಗಾಪುರದ ವುಡ್‌ಲ್ಯಾಂಡ್ಸ್ ನಾರ್ತ್‌ನಿಂದ ಜೋಹೋರ್ ಬಹ್ರುವಿನ ಬುಕಿತ್ ಚಾಗರ್‌ವರೆಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ, ಗಂಟೆಗೆ ಒಂದು ದಿಕ್ಕಿನಲ್ಲಿ 10,000 ಜನರನ್ನು ಒಯ್ಯಬಲ್ಲ ಆರ್‌ಟಿಎಸ್ ರೈಲು ಮಾರ್ಗ ನಿಲ್ದಾಣದ ಸುತ್ತಲಿನ ಬಾಡಿಗೆಗಳನ್ನು ಬದಲಿಸದೆ ಬಿಡುವುದಿಲ್ಲ, ಮತ್ತು ಹಿಂದಿನ ಹನ್ನೆರಡು ತಿಂಗಳ ದಾಖಲೆಗಳಿಂದ ತೆಗೆದ ಸರಾಸರಿಯಲ್ಲಿ ಆ ಬದಲಾವಣೆ ತಡವಾಗಿಯೇ ಕಾಣಿಸುತ್ತದೆ.